ದುಡಿಯುವುದು ಕೌಂಟಿ, ಆಡಿಸುವುದು ಸ್ಯಾಕ್ರಮೆಂಟೊ

ಸನಿವೇಲ್, ಕ್ಯುಪರ್ಟಿನೊ, ಸ್ಯಾನ್ ಹೋಸೆ ಕಡೆ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರಿಗೆ ಡಿಸೆಂಬರ್ 10 ಮತ್ತು ಏಪ್ರಿಲ್ 10 ಎಂಬ ಎರಡು ತಾರೀಕು ಬಾಯಿಪಾಠ. ಪ್ರಾಪರ್ಟಿ ಟ್ಯಾಕ್ಸಿನ ಎರಡು ಕಂತಿಗೂ ಅವೇ ಗಡುವು. ತಪ್ಪಿದರೆ ಶೇ 10ರಷ್ಟು ದಂಡ. ಬಿಲ್ಲು ಬರುವುದು ಸಾಂತಾ ಕ್ಲಾರಾ ಕೌಂಟಿಯಿಂದ. ಹಾಗಾಗಿ ಬೈಗುಳವೂ ಕೌಂಟಿಗೇ.

ಆದರೆ ಕಟ್ಟಿದ ದುಡ್ಡಿನ ದೊಡ್ಡ ಪಾಲು ಕೌಂಟಿಯ ಬೊಕ್ಕಸದಲ್ಲಿ ನಿಲ್ಲುವುದಿಲ್ಲ. ಶಾಲೆಗಳಿಗೆ, ಕಮ್ಯುನಿಟಿ ಕಾಲೇಜಿಗೆ, ನಗರಸಭೆಗೆ ಹಂಚಿಹೋಗುತ್ತದೆ. ಯಾರಿಗೆಷ್ಟು ಎಂಬುದು ಸ್ಯಾಕ್ರಮೆಂಟೊದಲ್ಲಿ, ಅಂದರೆ ಕ್ಯಾಲಿಫೋರ್ನಿಯಾದ ರಾಜಧಾನಿಯಲ್ಲಿ, ಮಾಡಿದ ಕಾನೂನಿನ ಮೇಲೆ ನಿಂತಿದೆ. ತೆರಿಗೆಯ ದರವೂ ಕೌಂಟಿಯ ಕೈಯಲ್ಲಿಲ್ಲ. 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 13ರ ಪ್ರಕಾರ ಮೂಲ ತೆರಿಗೆ ಮನೆಯ ಲೆಕ್ಕದ ಬೆಲೆಯ ಶೇ 1ನ್ನು ಮೀರುವಂತಿಲ್ಲ. ಮನೆ ಕೈಬದಲಾಗುವ ತನಕ ಆ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತೆಯೂ ಇಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳ ಪೈಕಿ ಎಂಬತ್ತರ ದಶಕದಲ್ಲಿ ಕೊಂಡವರು ಕಟ್ಟುವುದಕ್ಕಿಂತ ಮೊನ್ನೆ ಕೊಂಡವರು ಹಲವು ಪಟ್ಟು ಕಟ್ಟುತ್ತಾರೆ.

ಇಷ್ಟು ಸಾಲದು ಎಂಬಂತೆ, ತೊಂಬತ್ತರ ದಶಕದ ಆರಂಭದಲ್ಲಿ ರಾಜ್ಯದ ಬಜೆಟ್ ಬರಿದಾದಾಗ ಸ್ಯಾಕ್ರಮೆಂಟೊ ಇನ್ನೊಂದು ಕೈಚಳಕ ತೋರಿಸಿತು. ಶಾಲೆಗಳಿಗೆ ಕೊಡಬೇಕಾದ ಹಣದ ಹೊರೆ ತಗ್ಗಿಸಿಕೊಳ್ಳಲು ಕೌಂಟಿ, ನಗರಗಳ ಪ್ರಾಪರ್ಟಿ ಟ್ಯಾಕ್ಸಿನ ಒಂದು ಭಾಗವನ್ನೇ ಶಾಲೆಗಳ ಲೆಕ್ಕಕ್ಕೆ ತಿರುಗಿಸಿಬಿಟ್ಟಿತು. ಇಂಥ ವರ್ಗಾವಣೆಗೆ ಕಡಿವಾಣ ಬಿದ್ದದ್ದು 2004ರಲ್ಲಿ, ಅದೂ ಜನಮತದ ಮೂಲಕ.

ಕೌಂಟಿ ಅಂದರೆ ನಮ್ಮ ಜಿಲ್ಲೆಯೇ ತಾನೇ ಎಂದು ಕೇಳುವವರುಂಟು. ವಿಸ್ತಾರದಲ್ಲಿ ಹೌದು, ಆಡಳಿತದಲ್ಲಿ ಅಲ್ಲ. ಅಲ್ಲಿ ಮೇಲಿನಿಂದ ಬಂದು ಕೂರುವ ಡಿಸಿ ಸಾಹೇಬರಿಲ್ಲ. ಐವರು ಸೂಪರ್‌ವೈಸರ್‌ಗಳು, ಶೆರಿಫ್, ಡಿಸ್ಟ್ರಿಕ್ಟ್ ಅಟಾರ್ನಿ, ಮನೆಗೆ ಬೆಲೆ ಕಟ್ಟುವ ಅಸೆಸರ್ ಎಲ್ಲರೂ ಚುನಾಯಿತರೇ. ಇಷ್ಟೆಲ್ಲ ಚುನಾವಣೆ ನಡೆದರೂ ಅಮೆರಿಕದ ಸಂವಿಧಾನದಲ್ಲಿ ಕೌಂಟಿಯ ಹೆಸರೇ ಇಲ್ಲ. ಸ್ಥಳೀಯ ಸಂಸ್ಥೆಗಳು ರಾಜ್ಯದ ಶಾಸನಸಭೆಯ ಕೂಸುಗಳು, ಹುಟ್ಟಿಸಿದವರಿಗೆ ಅಳಿಸುವ ಅಧಿಕಾರವೂ ಇದೆ ಎಂದು 1868ರಲ್ಲಿ ಅಯೋವಾದ ನ್ಯಾಯಾಧೀಶ ಜಾನ್ ಡಿಲನ್ ಹೇಳಿದ ಮಾತು ಇವತ್ತಿಗೂ ಕೋರ್ಟುಗಳಲ್ಲಿ ಚಾಲ್ತಿಯಲ್ಲಿದೆ. ಅದು ಬರೀ ಮಾತೂ ಅಲ್ಲ. ಕನೆಕ್ಟಿಕಟ್ ರಾಜ್ಯ 1960ರಲ್ಲಿ ತನ್ನ ಕೌಂಟಿ ಸರ್ಕಾರಗಳನ್ನೆಲ್ಲ ರದ್ದು ಮಾಡಿತು. ಕೌಂಟಿಗಳ ಹೆಸರು ನಕಾಶೆಯಲ್ಲಿ ಉಳಿಯಿತು, ಅಷ್ಟೇ.

ಕ್ಯಾಲಿಫೋರ್ನಿಯಾದ 58 ಕೌಂಟಿಗಳಿಗೆ ಆ ಗತಿ ಬರಲಿಲ್ಲ. ಬಂದದ್ದು ಕೆಲಸದ ಹೊರೆ. ಜೈಲು, ಬಡವರ ಆಸ್ಪತ್ರೆ, ಅನಾಥ ಮಕ್ಕಳ ರಕ್ಷಣೆ, ಮತಪೆಟ್ಟಿಗೆ ಎಲ್ಲವೂ ಕೌಂಟಿಯ ಪಾಲಿಗೆ. ಆರೋಗ್ಯ ನೆರವಿನ ಮೆಡಿ-ಕ್ಯಾಲ್ ಅರ್ಜಿಯನ್ನು ನೋಡುವುದು ಕೌಂಟಿಯ ಗುಮಾಸ್ತೆ, ನಿಯಮ ಬರೆಯುವವರು ಮೇಲಿನ ಎರಡು ಸರ್ಕಾರಗಳವರು. ರಾಜ್ಯದ ಸೆರೆಮನೆಗಳು ಕಿಕ್ಕಿರಿದು ಕೋರ್ಟಿನಿಂದ ಛೀಮಾರಿ ಬಿದ್ದ 2011ರಲ್ಲಿ, ಗಂಭೀರವಲ್ಲದ ಅಪರಾಧಗಳಿಗೆ ಹೊಸದಾಗಿ ಶಿಕ್ಷೆಯಾಗುವವರನ್ನು ಕೌಂಟಿಗಳ ಜೈಲಿಗೇ ಕಳಿಸುವಂತೆ ಸ್ಯಾಕ್ರಮೆಂಟೊ ಕಾನೂನು ಮಾಡಿತು. ಜೊತೆಗೆ ಒಂದಿಷ್ಟು ದುಡ್ಡೂ ಬಂತು ಅನ್ನಿ.

ಅಪರೂಪಕ್ಕೊಮ್ಮೆ ಕೌಂಟಿಯೇ ಮುಂದಾಗುವುದುಂಟು. ಕೋವಿಡ್ ಹರಡುತ್ತಿದ್ದ 2020ರ ಮಾರ್ಚ್ 16, ಸೋಮವಾರ. ಸಾಂತಾ ಕ್ಲಾರಾದ ಆರೋಗ್ಯಾಧಿಕಾರಿ ಡಾ. ಸಾರಾ ಕೋಡಿ ಮತ್ತು ಅಕ್ಕಪಕ್ಕದ ಐದು ಕೌಂಟಿಗಳ ಅಧಿಕಾರಿಗಳು ಒಟ್ಟಾಗಿ, ಮನೆಬಿಟ್ಟು ಹೊರಡಬೇಡಿ ಎಂದು ಆದೇಶ ಹೊರಡಿಸಿದರು. 65 ಲಕ್ಷಕ್ಕೂ ಹೆಚ್ಚು ಜನರಿಗೆ ಅನ್ವಯವಾದ ಆದೇಶ ಅದು. ರಾಜ್ಯದ ಗವರ್ನರ್ ಅಂಥದ್ದೇ ಆದೇಶ ಕೊಟ್ಟದ್ದು ಮೂರು ದಿನ ಕಳೆದ ಮೇಲೆ. ರಾಜ್ಯವನ್ನು ಹಿಂದಿಕ್ಕಲು ಕೌಂಟಿ ಬಳಸಿದ ಅಧಿಕಾರವೂ ರಾಜ್ಯದ ಆರೋಗ್ಯ ಕಾನೂನು ಕೊಟ್ಟದ್ದೇ.

ಆ ಧೈರ್ಯಕ್ಕೆ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಪಕ್ಕದ ಅಲಮೀಡಾ ಕೌಂಟಿಯ ಆದೇಶವನ್ನು ಧಿಕ್ಕರಿಸಿ ಇಲಾನ್ ಮಸ್ಕ್ ಮೇ 11ರಂದು ಟೆಸ್ಲಾ ಕಾರ್ಖಾನೆ ತೆರೆದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಚರ್ಚುಗಳ ಒಳಗಿನ ಪ್ರಾರ್ಥನೆಗೆ ಸಾಂತಾ ಕ್ಲಾರಾ ಹೇರಿದ್ದ ನಿಷೇಧವನ್ನು ತಡೆಹಿಡಿಯಿತು.

ಸ್ಯಾಕ್ರಮೆಂಟೊದ ಎದುರು ತಲೆ ಬಾಗಿಸುವ ಕೌಂಟಿ ವಾಷಿಂಗ್ಟನ್ನಿನ ಎದುರು ತಲೆ ಎತ್ತುವುದು ನನಗಂತೂ ಇಡೀ ವ್ಯವಹಾರದ ಸ್ವಾರಸ್ಯದ ಭಾಗ. ಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲಿಸಿ ಎಂದು ಕೇಂದ್ರದ ಕಾನೂನು ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೆ ಹೇಳಿತ್ತು. ಮೊಂಟಾನಾ ಮತ್ತು ಅರಿಝೋನಾದ ಇಬ್ಬರು ಕೌಂಟಿ ಶೆರಿಫ್‌ಗಳು ಕೋರ್ಟಿಗೆ ಹೋದರು. ರಾಜ್ಯದ ಮತ್ತು ಅದರ ಅಂಗಸಂಸ್ಥೆಗಳ ಅಧಿಕಾರಿಗಳನ್ನು ಕೇಂದ್ರ ತನ್ನ ಕೆಲಸಕ್ಕೆ ದುಡಿಸಿಕೊಳ್ಳುವಂತಿಲ್ಲ ಎಂದು 1997ರಲ್ಲಿ ತೀರ್ಪು ಬಂತು. ರಾಜ್ಯದ ಅಂಗ ಎಂಬ ಕಾರಣಕ್ಕೆ ರಾಜ್ಯದೆದುರು ಸೋಲುವ ಕೌಂಟಿಗೆ ಕೇಂದ್ರದೆದುರು ಅದೇ ಗುರಾಣಿ.

ಸಾಂತಾ ಕ್ಲಾರಾ 2017ರಲ್ಲಿ ಹಿಡಿದದ್ದೂ ಈ ಗುರಾಣಿಯನ್ನೇ. ವಲಸಿಗರನ್ನು ಹಿಡಿದುಕೊಡದ ಊರುಗಳಿಗೆ ಅನುದಾನ ಇಲ್ಲ ಎಂದು ಟ್ರಂಪ್ ಆದೇಶಿಸಿದಾಗ ಕೌಂಟಿ ದಾವೆ ಹೂಡಿತು. ಕೇಂದ್ರದ ಮೂಲದಿಂದ ವರ್ಷಕ್ಕೆ ಬರುವ ಸುಮಾರು 170 ಕೋಟಿ ಡಾಲರ್, ಅಂದರೆ ಆದಾಯದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ, ಅಪಾಯದಲ್ಲಿದೆ ಎಂದು ಲೆಕ್ಕ ಕೊಟ್ಟಿತು. ಏಪ್ರಿಲ್‌ನಲ್ಲಿ ನ್ಯಾಯಾಧೀಶ ವಿಲಿಯಂ ಓರಿಕ್ ಆದೇಶಕ್ಕೆ ತಡೆ ಕೊಟ್ಟರು.

ಕೋರ್ಟಿನಲ್ಲಿ ಗೆದ್ದರೂ ಖಜಾನೆ ತುಂಬುವುದಿಲ್ಲವಲ್ಲ. ದಿವಾಳಿಯಾದ ಸಂಸ್ಥೆಯಿಂದ ಓಕಾನರ್ ಮತ್ತು ಸೇಂಟ್ ಲೂಯಿಸ್ ಆಸ್ಪತ್ರೆಗಳನ್ನು ಕೌಂಟಿ 2019ರಲ್ಲಿ ಕೊಂಡಿತು. ಆ ಮಾರಾಟಕ್ಕೂ ರಾಜ್ಯದ ಅಟಾರ್ನಿ ಜನರಲ್ ಅಡ್ಡಗಾಲು ಹಾಕಿ ಸೋತಿದ್ದರು. ಇಂಥ ಆಸ್ಪತ್ರೆಗಳು ನಡೆಯುವುದು ಬಹುಪಾಲು ಮೆಡಿ-ಕ್ಯಾಲ್ ಹಣದಿಂದ. 2025ರ ಜುಲೈನಲ್ಲಿ ಕೇಂದ್ರವು ಬಡವರ ಆರೋಗ್ಯ ನೆರವನ್ನು ಕಡಿತಗೊಳಿಸುವ ಕಾನೂನು ತಂದಿತು. ಪ್ರಾಪರ್ಟಿ ಟ್ಯಾಕ್ಸ್ ಏರಿಸುವ ದಾರಿ ಮೊದಲೇ ಮುಚ್ಚಿತ್ತು. ಉಳಿದದ್ದು ಮಾರಾಟ ತೆರಿಗೆ, ಅದಕ್ಕೂ ಜನರ ಒಪ್ಪಿಗೆ ಬೇಕು. ನವೆಂಬರ್ 4ರ ಮತದಾನದಲ್ಲಿ ಐದು ವರ್ಷದ ಮಟ್ಟಿಗೆ ಶೇ 0.625ರಷ್ಟು ಹೆಚ್ಚಿಸಲು ಮತದಾರರು ಒಪ್ಪಿದರು. ಅಕ್ಕಿ, ಬೇಳೆ, ತರಕಾರಿಗೆ ಈ ತೆರಿಗೆ ಇಲ್ಲ. ಹೋಟೆಲ್ ಊಟಕ್ಕೆ, ಬಟ್ಟೆಬರೆಗೆ, ಕಾರಿಗೆ ಉಂಟು. ಅಲ್ಲಿ ಓಟಿನ ಹಕ್ಕಿಲ್ಲದ ಎಚ್-1ಬಿ ವೀಸಾದ ಕನ್ನಡಿಗರೂ ಅದನ್ನು ಕಟ್ಟಲೇಬೇಕು.