ತಪ್ಪು ಯಾರದು ಎಂಬುದು ಕೋರ್ಟಿನ ಮೊದಲ ಪ್ರಶ್ನೆಯಲ್ಲ

‘ವಕೀಲ್ರ, ತಪ್ಪೆಲ್ಲಾ ಆಕೀದ ಅದ. ಅದನ್ನ ಕೋರ್ಟಿನಾಗ ತೋರಿಸಿಬಿಡ್ರಿ, ಸಾಕು.’ ಪುಣೆಯಲ್ಲಿ ನನ್ನ ಬಳಿ ಬರುವ ಕನ್ನಡಿಗರ ಮಾತು ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಹೆಣ್ಣುಮಕ್ಕಳು ಬಂದರೆ ‘ಆಕೀದ’ ಎಂಬಲ್ಲಿ ‘ಅವರದು’ ಆಗುತ್ತದೆ, ಅಷ್ಟೇ ವ್ಯತ್ಯಾಸ. ಧಾರವಾಡದಲ್ಲಿ ಕಾನೂನು ಓದಿ, ಇಲ್ಲಿಗೆ ಬಂದು ವಕೀಲಿಕೆ ಹಿಡಿದು ಹದಿನೈದು ವರ್ಷವಾಯಿತು. ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ, ಚಾಕಣದ ಕಾರ್ಖಾನೆಗಳಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಸಂಸಾರ ಮುರಿದಾಗ ನೋವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿಕೊಳ್ಳಲಾಗದೆ ಕನ್ನಡ ಬಲ್ಲ ವಕೀಲರನ್ನು ಹುಡುಕುತ್ತಾರೆ.

ಅವರಿಗೆ ನಾನು ಮೊದಲು ಹೇಳುವುದು ಇಷ್ಟು. ಕೌಟುಂಬಿಕ ವ್ಯಾಜ್ಯದಲ್ಲಿ ಕೋರ್ಟು ತೀರ್ಮಾನಿಸುವುದು ಒಂದು ಪ್ರಶ್ನೆಯನ್ನಲ್ಲ, ನಾಲ್ಕನ್ನು. ಕೇಸು ಯಾವ ಊರಿನಲ್ಲಿ? ಹಣ ಎಷ್ಟು? ಮಗು ಯಾರ ಬಳಿ? ಮದುವೆ ಮುರಿಯಬೇಕೇ? ಒಂದೊಂದಕ್ಕೂ ಬೇರೆ ಬೇರೆ ಅಳತೆಗೋಲು. ತಪ್ಪು ಯಾರದು ಎಂಬುದಕ್ಕೆ ನಿಜವಾದ ತೂಕ ಬರುವುದು ಕೊನೆಯ ಪ್ರಶ್ನೆಯಲ್ಲಿ. ನಮ್ಮವರು ತಯಾರಿ ಮಾಡಿಕೊಂಡು ಬರುವುದು ಅದೊಂದಕ್ಕೇ.

ಯಾವ ಊರಿನ ಕೋರ್ಟು?

ಹೊರನಾಡಿನವರಿಗೆ ಇದೇ ದೊಡ್ಡ ತಲೆನೋವು. ಸಿರಸಿಯಲ್ಲಿ ಮದುವೆ, ಪುಣೆಯಲ್ಲಿ ಸಂಸಾರ, ಜಗಳದ ನಂತರ ಹೆಂಡತಿ ದಾವಣಗೆರೆಯ ತವರಿನಲ್ಲಿ ಎಂದಿಟ್ಟುಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಊರು, ಎದುರುದಾರರು ಇರುವ ಊರು, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಊರು ಎಲ್ಲವೂ ನಡೆಯುತ್ತವೆ. 2003ರ ತಿದ್ದುಪಡಿಯಿಂದ ಹೆಂಡತಿ ತಾನು ಈಗ ವಾಸಿಸುವ ಊರಿನಲ್ಲೂ ಅರ್ಜಿ ಹಾಕಬಹುದು. ಹಾಗಾಗಿ ಗಂಡ ಪುಣೆಯಲ್ಲಿ, ಹೆಂಡತಿ ದಾವಣಗೆರೆಯಲ್ಲಿ ಕೇಸು ಹಾಕಿ, ಎರಡೂ ಕಡೆ ದಿನಾಂಕ ಬೀಳುವುದು ಮಾಮೂಲು.

ಇಬ್ಬರೂ ಕರ್ನಾಟಕದೊಳಗೇ ಇದ್ದರೆ ಕೇಸಿನ ವರ್ಗಾವಣೆಗೆ ಹೈಕೋರ್ಟು ಸಾಕು. ರಾಜ್ಯದ ಗಡಿ ದಾಟಿದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು. ಅಲ್ಲಿ ಸಾಮಾನ್ಯವಾಗಿ ಹೆಂಡತಿಯ ಅನನುಕೂಲಕ್ಕೆ ಹೆಚ್ಚು ತೂಕ. ಕೈಯಲ್ಲಿ ಸಂಬಳವಿದೆಯೇ, ಕಂಕುಳಲ್ಲಿ ಮಗುವಿದೆಯೇ, ಪ್ರತಿ ದಿನಾಂಕಕ್ಕೂ ರಾತ್ರಿ ಬಸ್ಸು ಹತ್ತಿ ಬರಬೇಕೇ ಎಂದು ನೋಡುತ್ತಾರೆ. ಆದರೆ ಕೇಳಿದ ಕೂಡಲೇ ವರ್ಗಾವಣೆ ಸಿಗುತ್ತದೆ ಎಂದೇನೂ ಇಲ್ಲ. ಗಂಡನ ಅನಾರೋಗ್ಯವೋ ಮಗುವಿನ ಅನುಕೂಲವೋ ತಕ್ಕಡಿಯನ್ನು ಆಚೆ ವಾಲಿಸಬಹುದು. ಮೂಲ ವಿವಾದದ ಒಂದಕ್ಷರ ವಿಚಾರಣೆಗೆ ಬರುವ ಮೊದಲೇ ಇದಕ್ಕೇ ತಿಂಗಳುಗಟ್ಟಲೆ ಸಮಯ, ಕೈತುಂಬ ಖರ್ಚು. ಊರಿನ ವಿಷಯದಲ್ಲಾದರೂ ಇಬ್ಬರೂ ಒಪ್ಪಿಕೊಂಡರೆ ಅರ್ಧ ಜಗಳ ಉಳಿಯುತ್ತದೆ.

ಹಣದ ಲೆಕ್ಕ

‘ಸಂಬಳದ ನಾಲ್ಕನೇ ಒಂದು ಭಾಗ ಕೊಡಬೇಕಂತಲ್ಲ?’ ಎಂದು ಎಲ್ಲರೂ ಕೇಳುತ್ತಾರೆ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶೇ 25ರ ಮಾತಾಡಿದ್ದು ನಿಜ, ಆದರೆ ಅದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ. ಈಗ ದಾರಿ ತೋರಿಸುವುದು 2020ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದ ತೀರ್ಪು. ಅದರಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಒಂದು ಕಾಯ್ದೆಯಡಿ ಸಿಗುತ್ತಿರುವ ಹಣವನ್ನು ಇನ್ನೊಂದರಲ್ಲಿ ಹೇಳಲೇಬೇಕು, ಅದನ್ನು ಹೊಂದಿಸಿಯೇ ಆದೇಶ.

ನಮ್ಮ ಐಟಿ ಹುಡುಗರು ಫಾರ್ಮ್ 16ರ ಜೊತೆ ಮನೆ ಸಾಲ, ಕಾರು ಸಾಲ, ಮ್ಯೂಚುವಲ್ ಫಂಡ್ ಕಂತಿನ ಪಟ್ಟಿ ತರುತ್ತಾರೆ. ‘ಕೈಗೆ ಬರೋದೇ ಇಷ್ಟು’ ಎನ್ನುತ್ತಾರೆ. ಸ್ವಂತ ಆಸ್ತಿ ಬೆಳೆಸುವ ಕಂತನ್ನು ಹೆಂಡತಿ ಮಕ್ಕಳ ಅನ್ನಕ್ಕಿಂತ ಮುಂದೆ ಇಡಲು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅತ್ತ, ಓದಿದ್ದಾಳೆ ಎಂಬ ಒಂದೇ ಕಾರಣಕ್ಕೆ ಹೆಂಡತಿಯ ಜೀವನಾಂಶ ತಪ್ಪುವುದಿಲ್ಲ. ಆದರೆ ಬರುತ್ತಿರುವ ಸಂಬಳವನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ಕನ್ನಡದ ಜಗಳ, ಇಂಗ್ಲಿಷ್ ಅನುವಾದ

ಕುಟುಂಬ ನ್ಯಾಯಾಲಯದಲ್ಲಿ ಸಾಕ್ಷ್ಯದ ನಿಯಮ ಸ್ವಲ್ಪ ಸಡಿಲ. ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ ಗಂಡ-ಹೆಂಡತಿಯ ಫೋನ್ ಮಾತನ್ನೂ ಸಾಕ್ಷ್ಯವಾಗಿ ನೋಡಬಹುದೆಂದು 2025ರ ಜುಲೈನಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ನಮಗೆ ಇಲ್ಲೊಂದು ಹೆಚ್ಚಿನ ತೊಡಕು. ಮಾತು ಕನ್ನಡದಲ್ಲಿದೆ, ನ್ಯಾಯಾಧೀಶರು ಓದುವುದು ಅದರ ಅನುವಾದವನ್ನು. ಸಿಟ್ಟಿನಲ್ಲಿ ಬಂದ ‘ಹಾಳಾಗಿ ಹೋಗು’ ಅಲ್ಲಿ ಘೋರ ಶಾಪವಾಗಿ ಕಾಣುತ್ತದೆ. ‘ನಿಮ್ಮ ಮನೆಯವರು ಬರಿಗೈಲಿ ಬಂದಿದ್ದರಲ್ಲ’ ಎಂಬ ತಣ್ಣನೆಯ ಮಾತಿನ ಒಳಗಿನ ಚೂರಿ ಮಾತ್ರ ಕಾಣುವುದೇ ಇಲ್ಲ. ಕನ್ನಡ ಬಲ್ಲ ಅನುವಾದಕರಿಂದ, ಹಿಂದು ಮುಂದಿನ ಮಾತುಗಳ ಸಮೇತ ಪೂರ್ತಿ ಬರೆಸಿ. ತುಣುಕು ಕತ್ತರಿಸಿ ಕೊಟ್ಟರೆ ಎದುರಿನವರು ಉಳಿದದ್ದನ್ನು ತರುತ್ತಾರೆ.

ಮದುವೆ ಮುರಿಯಬೇಕೇ ಎಂಬ ಪ್ರಶ್ನೆಗೆ ಈ ಸಾಕ್ಷ್ಯ ಬೇಕು. ಕ್ರೌರ್ಯ, ಪರಿತ್ಯಾಗದಂಥ ಕಾರಣಗಳನ್ನು ಸಾಬೀತು ಮಾಡಬೇಕು. ಸಂಬಂಧ ಸತ್ತಿದೆ ಎಂಬುದಷ್ಟೇ ಕಾಯ್ದೆಯಲ್ಲಿ ವಿಚ್ಛೇದನದ ಕಾರಣವಲ್ಲ. ಆ ನೆಲೆಯಲ್ಲಿ ಮದುವೆ ಮುಗಿಸುವ ವಿಶೇಷ ಅಧಿಕಾರ ಸುಪ್ರೀಂ ಕೋರ್ಟಿಗೆ ಇದೆ ಎಂದು 2023ರ ಮೇ 1ರಂದು ಸಂವಿಧಾನ ಪೀಠ ಹೇಳಿತು. ಕುಟುಂಬ ನ್ಯಾಯಾಲಯಕ್ಕೆ ಅದಿಲ್ಲ. ಪರಸ್ಪರ ಒಪ್ಪಿಗೆಯಾದರೆ ಸಾಕ್ಷ್ಯದ ಗೋಜೇ ಇರುವುದಿಲ್ಲ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ಬಳಿಕ ಆರು ತಿಂಗಳು ಕಾಯಬೇಕು. ತಕ್ಕ ಸಂದರ್ಭದಲ್ಲಿ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ.

ಮಗು ಯಾರ ಬಳಿ?

ಇಲ್ಲಿ ಗಂಡ-ಹೆಂಡತಿಯ ತಪ್ಪುಒಪ್ಪು ಹಿಂದೆ ಸರಿದು, ಮಗುವಿನ ಹಿತ ಮುಂದೆ ಬರುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ಚೇಂಬರಿಗೆ ಕರೆಸಿ ಮಾತಾಡುತ್ತಾರೆ. ಹೇಳಿಕೊಟ್ಟ ಮಾತು ಅಲ್ಲಿ ಬೇಗ ಗೊತ್ತಾಗುತ್ತದೆ. ಅಪ್ಪನ ಬಗ್ಗೆ ಕೇಳುವ ಮೊದಲೇ ಎಂಟು ವರ್ಷದ ಮಗು ‘ಅವರು ಜವಾಬ್ದಾರಿ ಇಲ್ಲದ ಮನುಷ್ಯ’ ಎಂದರೆ, ಆ ಮಾತು ಯಾರದೆಂದು ಯಾರಿಗಾದರೂ ತಿಳಿಯುತ್ತದೆ. ಮಗುವನ್ನು ರಾತ್ರೋರಾತ್ರಿ ಊರಿಗೆ ಕರೆದುಕೊಂಡು ಹೋದರೆ ಅಲ್ಲಿನ ಕೋರ್ಟೇ ನೋಡಿಕೊಳ್ಳುತ್ತದೆ ಎಂಬ ಲೆಕ್ಕವೂ ಸರಿಯಲ್ಲ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿತ್ತು ಎಂಬುದನ್ನು ಕೋರ್ಟು ನೋಡುತ್ತದೆ.

ಮಗು ಒಬ್ಬರ ಬಳಿ ಉಳಿದರೂ ಇನ್ನೊಬ್ಬರಿಗೆ ಭೇಟಿಯ ಹಕ್ಕು ಇರುತ್ತದೆ. ರಜೆಯಲ್ಲಿ ಇಷ್ಟು ದಿನ ಎಂದು ಬರೆಯುತ್ತಾರೆ. ಪುಣೆಯ ಒಪ್ಪಂದಗಳಲ್ಲಿ ‘ದೀಪಾವಳಿ ರಜೆಯ ಅರ್ಧ’ ಎಂಬ ಸಾಲು ರೂಢಿಯಿಂದ ಬಂದುಬಿಡುತ್ತದೆ, ಏಕೆಂದರೆ ಇಲ್ಲಿನ ಶಾಲೆಗಳಿಗೆ ಆಗ ದೊಡ್ಡ ರಜೆ. ಆದರೆ ದಾವಣಗೆರೆಯಲ್ಲಿ ಓದುವ ಮಗುವಿಗೆ ದೊಡ್ಡ ರಜೆ ಸಿಗುವುದು ದಸರೆಗೆ. ಬೇಸಿಗೆ ರಜೆಯೂ ಎರಡು ರಾಜ್ಯಗಳಲ್ಲಿ ಒಂದೇ ದಿನ ಮುಗಿಯುವುದಿಲ್ಲ. ಆ ಒಂದು ಸಾಲಿನಿಂದ ಅಪ್ಪನಿಗೆ ಹದಿನೈದು ದಿನದ ಬದಲು ಎರಡೇ ದಿನ ಸಿಕ್ಕಿ, ಮತ್ತೆ ಅರ್ಜಿ, ಮತ್ತೆ ದಿನಾಂಕ. ಒಪ್ಪಂದಕ್ಕೆ ಸಹಿ ಹಾಕಲು ಬರುವಾಗ ಬೇರೇನನ್ನು ಮರೆತರೂ ಮಗುವಿನ ಶಾಲೆಯ ಕ್ಯಾಲೆಂಡರ್ ತನ್ನಿ.