ಮಾಳಿಗೆಗೆ ಕರ್ಲು ಹಾಕಿ, ಹೊರೆ ಹಾಕಬೇಡಿ!

ಮುಂಗಾರು ಮೋಡ ಕಂಡರೆ ರೈತನಿಗೆ ಹಿಗ್ಗು, ಮಣ್ಣಿನ ಮಾಳಿಗೆಯ ಮನೆಯವನಿಗೆ ದಿಗಿಲು. ಹರಪನಹಳ್ಳಿ ತಾಲೂಕಿನ ಹಲವಾಗಲಿನಂಥ ಊರುಗಳಲ್ಲಿ ಈ ಎರಡೂ ಒಬ್ಬನ ಪಾಲಿಗೇ ಬರುವುದುಂಟು.

ಸೋರುವ ಮಾಳಿಗೆಗೆ ಹಿರಿಯರು ಕಂಡುಕೊಂಡ ಮದ್ದು ಕರ್ಲು ಮಣ್ಣು. ಅದರಲ್ಲಿ ಸೋಡಿಯಂ ಉಪ್ಪು ಹೆಚ್ಚು. ಮಳೆ ಬಿದ್ದೊಡನೆ ಉಬ್ಬಿ, ಸಂದು ಮುಚ್ಚಿ, ನೀರನ್ನು ಕೆಳಗೆ ಬಿಡದು. ಹೊಲಕ್ಕೆ ಶತ್ರುವಾದದ್ದು ಮನೆಗೆ ಮಿತ್ರ!

ಆದರೆ ಎಡವಟ್ಟು ಇಲ್ಲೇ ಇದೆ. ‘ಮ್ಯಾಲೆ ಇನ್ನೊಂದೀಟು ಸುರುವಿದರಾತು ಬಿಡ್ರಿ’ ಅನ್ನುವವರೇ ಬಹಳ. ಲೆಕ್ಕ ಹಾಕಿ ನೋಡಿ: 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ 1 ಅಂಗುಲ ಮಣ್ಣೆಂದರೆ ಸುಮಾರು ಮೂರೂವರೆ ಕ್ವಿಂಟಲ್. ನೆನೆದರೆ ಇನ್ನೂ ಭಾರ. ವರ್ಷಾವರ್ಷ ಹೀಗೇ ಏರಿಸುತ್ತ ಹೋದರೆ ಅಜ್ಜನ ಕಾಲದ ಜಂತಿ ಎಷ್ಟೆಂದು ಹೊತ್ತೀತು?

ಆದ್ದರಿಂದ ಮೊದಲು ಹಳೇ ಮಣ್ಣು ಕೆರೆದು ಇಳಿಸಿ, ಆಮೇಲೆ ಹೊಸದು ಹಾಕಿ. ಹುಲ್ಲನ್ನು ಬೇರುಸಮೇತ ಕೀಳಿ, ಇಲಿ ಬಿಲ ಮುಚ್ಚಿ. ನೀರು ಹರನಾಳಿಗೆಯತ್ತ ಓಡುವಂತೆ ಇಳಿಜಾರು ಇರಲಿ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಮೊಳೆಯಿಂದ ಚುಚ್ಚಿ ನೋಡಿ. ಮೆತ್ತಗಾಗಿದ್ದರೆ ಬಡಗಿಯನ್ನು ಕರೆಸಿ.

ಸಿಮೆಂಟ್ ಬಳಿದರೆ ತಾಪತ್ರಯ ತೀರಿತು ಎಂಬುದೂ ಭ್ರಮೆ. ಕಟ್ಟಿಗೆ ಬಾಗುತ್ತದೆ, ಸಿಮೆಂಟ್ ಬಾಗದೆ ಬಿರಿಯುತ್ತದೆ. ಬಿರುಕಿಗೆ ಇಳಿದ ನೀರು ಬೇಗ ಒಣಗದೆ ಜಂತಿಯನ್ನು ಕೊಳೆಸುತ್ತದೆ.

ಮನೆ ಸೋರಿದರೆ ಪಾತ್ರೆ ಇಟ್ಟು ರಾತ್ರಿ ಕಳೆಯಬಹುದು. ಮಾಳಿಗೆಯೇ ಕುಸಿದರೆ?