ರಾಜಧಾನಿ ಯಾವುದು: ಬಳ್ಳಾರಿಯೋ, ಕುರುಗೋಡೋ?

ಡಿ.ಸಿ. ಆಫೀಸು, ದೊಡ್ಡಾಸ್ಪತ್ರೆ...
ಕುರುಗೋಡಿನವರು ಇವತ್ತು ಬಳ್ಳಾರಿ ಬಸ್ ಹತ್ತಬೇಕು.
ಆದರೆ ಒಂದು ಕಾಲದಲ್ಲಿ ರಾಜಧಾನಿ ಯಾವುದಾಗಿತ್ತು, ಗೊತ್ತಾ?
ಕುರುಗೋಡು!

12ನೇ ಶತಮಾನ.
ಕಲ್ಯಾಣ ಚಾಲುಕ್ಯರ ಸಾಮಂತರು, ಸಿಂದರು,
ಸುತ್ತಲಿನ ಬಲ್ಲಕುಂದೆ ನಾಡನ್ನು ಆಳಿದ್ದು ಇಲ್ಲಿಂದಲೇ.
ಇಲ್ಲಿನ ದೊಡ್ಡಬಸವೇಶ್ವರ ಗುಡಿಗೆ ಹೋಗಿ ನೋಡಿ.
ಒಂದೇ ಕಲ್ಲಿನ ಬಸವಣ್ಣ,
ತಲೆ ಎತ್ತಿಯೇ ನೋಡಬೇಕು!

ಹಾಗಾದರೆ ಬಳ್ಳಾರಿ ಬೆಳೆದದ್ದು ಹೇಗೆ?
ಪಾಳೇಗಾರ ಹನುಮಪ್ಪ ನಾಯಕ ಅಲ್ಲಿನ ಗುಡ್ಡದ ಮೇಲೆ ಕೋಟೆ ಕಟ್ಟಿದ.
ಹೈದರಾಲಿ ಕೆಳಗಿನ ಕೋಟೆ ಸೇರಿಸಿದ.
ಮುಂದೆ ಈ ಸೀಮೆ ನಿಜಾಮನ ಕೈಸೇರಿತು; 1800ರಲ್ಲಿ ಅವನು ಇದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ.
ದಂಡು ಬಂತು, ಕಚೇರಿ ಬಂತು.
ಮನೆಯ ಯಜಮಾನಿಕೆ
ಅಣ್ಣನಿಂದ ತಮ್ಮನ ಕೈಗೆ ಹೋದ ಹಾಗೆ!

ಬಳ್ಳಾರಿ ಕೋಟೆ ನೋಡಿದವರು
ಕುರುಗೋಡಿಗೂ ಹೋಗಿಬನ್ನಿ.
ಅಲ್ಲಿನ ಗುಡಿಗಳು, ಶಾಸನಗಳು ನಮ್ಮವು.
ಉಳಿಸಿಕೊಳ್ಳಬೇಕಾದವರೂ ನಾವೇ.